ಮಾದೇವಿಯ ಮನೆ ಯಾವುದು

ಅಪ್ಪ ಮತ್ತೆ ಕಾರು ನಿಲ್ಲಿಸಲು ಹೇಳಿದ. ಈ ಸಲವೂ ಸಮುದ್ರ ನೋಡಲಿಕ್ಕಲ್ಲ.

ರಸ್ತೆಯ ಆಚೆ ಬಲೆ ಹೆಣೆಯುತ್ತ ಕುಳಿತಿದ್ದ ಮುದುಕನ ಹತ್ತಿರ ಹೋಗಿ ಅಪ್ಪ ಅಜ್ಜಪ್ಪ ಏನೋ ಕೇಳಿದ. ಮುದುಕ ಹೊನ್ನಾವರದ ದಿಕ್ಕಿಗೆ ಕೈ ತೋರಿಸಿದ. ಕಾರಿನ ಗಾಜು ಸ್ವಲ್ಪ ಇಳಿಸಿ ಕಿವಿಗೊಟ್ಟಿದ್ದ ಚನ್ನೇಶನಿಗೆ ಒಂದು ಹೆಸರಷ್ಟೇ ಕೇಳಿಸಿತು: ಮಾದೇವಿ.

ಒಣಮೀನಿನ ವಾಸನೆ ಒಳನುಗ್ಗಿತು. ಚನ್ನೇಶ ಗಾಜು ಏರಿಸಿ ಮೂಗಿಗೆ ಕರವಸ್ತ್ರ ಹಿಡಿದ.

“ಈ ಮಂದಿ ಇದರಾಗ ಹೆಂಗ ಉಣ್ತಾರ, ಹೆಂಗ ಮಲಗ್ತಾರ?”

ಡ್ರೈವರ್ ಹುಲಗೇಶ ಕನ್ನಡಿಯಲ್ಲಿ ಒಮ್ಮೆ ನೋಡಿದ. ಪಕ್ಕದಲ್ಲಿ ಕುಳಿತಿದ್ದ ಅವ್ವ ಸರೋಜವ್ವ ಮಾತ್ರ, “ಹುಟ್ಟಿದ ಜಾಗ ಯಾರಿಗೂ ನಾರೂದಿಲ್ಲಪ,” ಎಂದಳು.

ಚಿಕ್ಕೇರೂರಿನ ಶ್ವೇತಾಳ ಜೊತೆ ಚನ್ನೇಶನ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲು ಮೂವರೂ ಒಂದು ದಿನ ಕುಮಟಾ, ಹೊನ್ನಾವರ, ಮುರ್ಡೇಶ್ವರ ನೋಡಿ ಬರಬೇಕೆಂದು ಹಟ ಹಿಡಿದವಳು ಅವ್ವ. ಶಿಗ್ಗಾವಿಯಿಂದ ಬಾಡಿಗೆ ಕಾರು ತರಿಸಿದವನು ಅಪ್ಪ. ನೀವಿಬ್ಬರೇ ಹೋಗಿ ಬನ್ನಿ ಎಂದರೆ ಇಬ್ಬರೂ ಒಪ್ಪಲಿಲ್ಲ. “ನೀ ಬಂದ್ರಷ್ಟ ಹೋಗೋದು,” ಎಂದರು.

ಹಾನಗಲ್ಲು ದಾಟುವ ಮೊದಲೇ ಅವನಿಗೆ ಬೇಸರ ಬಂದಿತ್ತು. ಶಿರಸಿಯಲ್ಲಿ ಸಪ್ಪೆ ಉಪ್ಪಿಟ್ಟು. ಘಟ್ಟದ ತಿರುವುಗಳಲ್ಲಿ ಅವ್ವನ ವಾಂತಿ. ಕುಮಟೆಯ ದಂಡೆಯಲ್ಲಿ ಬೂಟಿನೊಳಗೆ ಉಸುಕು. ಜನ ಇಷ್ಟು ಹೊಗಳುವ ಸಮುದ್ರ ಎಂದರೆ ಕಡೆಗೂ ಕುಡಿಯಲು ಬಾರದ ನೀರು. ಸವಣೂರಿನಲ್ಲಿ ಗೊಬ್ಬರದ ಅಂಗಡಿ ಮುಚ್ಚಿ ಬಂದದ್ದು ಇದಕ್ಕೆ.

ಆದರೆ ಈಗ ಬೇಸರ ಹೋಗಿ ಅನುಮಾನ ಹುಟ್ಟಿತ್ತು. ಹರೆಯದಲ್ಲಿ ಅಪ್ಪ ತಮ್ಮ ತೋಟದ ವೀಳ್ಯದೆಲೆಯ ಪೆಂಡಿಗಳನ್ನು ಲಾರಿಗೆ ಹೇರಿಕೊಂಡು ಇದೇ ಕರಾವಳಿಗೆ ಬರುತ್ತಿದ್ದ. ವಾರಗಟ್ಟಲೆ ಇಲ್ಲೇ ಉಳಿಯುತ್ತಿದ್ದನಂತೆ. ಈಗ ಕೇರಿಯಿಂದ ಕೇರಿಗೆ ಒಬ್ಬ ಹೆಂಗಸನ್ನು ಹುಡುಕುತ್ತಿದ್ದಾನೆ, ಅದೂ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು. ಹಣೆ ತುಂಬ ವಿಭೂತಿ ಬಳಿದುಕೊಂಡು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ.

ಹೊನ್ನಾವರದ ಸೇತುವೆ ದಾಟಿದ ಮೇಲೆ ಮನೆ ಸಿಕ್ಕಿತು. ತೆಂಗಿನ ಮರಗಳ ಕೆಳಗೆ ಒಂದು ಹೆಂಚಿನ ಮನೆ. ಅಂಗಳದಲ್ಲಿ ಮೀನು ಒಣಗಲು ಹಾಕಿದ್ದರು. ಕಾಗೆ ಓಡಿಸುತ್ತಿದ್ದ ಹೆಂಗಸು ಎದ್ದು ನಿಂತಳು. ಕಪ್ಪು ಮೈ, ಬಿಸಿಲಿಗೆ ಸುಟ್ಟ ಮುಖ, ಒಡೆದ ಹಿಮ್ಮಡಿ. ಇವಳಿಗಾಗಿಯೇ ಅಪ್ಪ ಹೊಲಸಾದದ್ದು ಎಂದುಕೊಂಡ ಚನ್ನೇಶ. ಅವನಿಗೆ ನಗು ಬಂತು.

ಅಜ್ಜಪ್ಪ ಆಕೆಗೆ ಕೈ ಮುಗಿದು, ಮಗನ ಮದುವೆ ಗೊತ್ತಾಗಿದೆ ಎಂದ. ಆಕೆ ಅವನತ್ತ ನೋಡಲೇ ಇಲ್ಲ.

“ಇವ್ರೇನಾ ಮದುಮಗ?” ಎಂದಳು.

“ಹೌದವಾ,” ಎಂದಳು ಸರೋಜವ್ವ.

ಎಲ್ಲರೂ ಜಗಲಿಯಲ್ಲಿ ಕುಳಿತರು. ಸರೋಜವ್ವ ತನ್ನ ಚೀಲದಿಂದ ಇಳಕಲ್ ಸೀರೆ, ಸವಣೂರು ಖಾರದ ಪೊಟ್ಟಣ ತೆಗೆದಳು. ಕುಂಕುಮ ಹಚ್ಚಲು ಹೋಗಿ ಆಕೆಯ ಬರಿ ಹಣೆ ನೋಡಿ ಕೈ ತಡೆದಳು. ಆಮೇಲೆ ಹಚ್ಚಿಯೇ ಬಿಟ್ಟಳು. ಅವ್ವ ದಡ್ಡಿ ಎಂದು ಚನ್ನೇಶನಿಗೆ ಗೊತ್ತಿತ್ತು. ಇಷ್ಟು ದಡ್ಡಿ ಎಂದು ಗೊತ್ತಿರಲಿಲ್ಲ.

ಮಾದೇವಿ ಎಳನೀರು ಕೆತ್ತಿ ಮೊದಲು ಅವನಿಗೇ ಕೊಟ್ಟಳು. ಅವನು ಅದನ್ನು ಹಾಗೇ ನೆಲಕ್ಕಿಟ್ಟ.

“ನಿಮಗ ಮಕ್ಕಳೆಷ್ಟು?” ಎಂದು ಕೇಳಿದ. ಉತ್ತರ ಅಪ್ಪನ ಮುಖದಲ್ಲಿ ಸಿಕ್ಕೀತೆಂದು ಅತ್ತ ನೋಡಿದ.

“ಒಬ್ಬನೇ ಮಗ.”

“ಎಲ್ಲಿರ್ತಾನ?”

ಮಾದೇವಿ ಸರೋಜವ್ವನ ಕಡೆ ನೋಡಿದಳು. “ಘಟ್ಟದ ಮೇಲೆ. ಚೆನ್ನಾಗಿ ಸಾಕಿದ್ದಾರೆ.”

ಅಜ್ಜಪ್ಪ ತಲೆ ತಗ್ಗಿಸಿದ. ಚನ್ನೇಶನಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. ಮಗನೂ ಇದ್ದಾನೆ. ಘಟ್ಟದ ಮೇಲೆ, ತಮ್ಮ ಊರಿನ ಆಸುಪಾಸಿನಲ್ಲೇ ಎಲ್ಲೋ ಬೆಳೆಯುತ್ತಿದ್ದಾನೆ. ನಾಳೆ ಎಲೆತೋಟದಲ್ಲಿ ಪಾಲು ಕೇಳಲು ಬಂದು ನಿಲ್ಲುತ್ತಾನೆ. ಮದುವೆಗೆ ಮುಂಚೆ ತನ್ನನ್ನು ಮೆತ್ತಗೆ ಒಪ್ಪಿಸಲೆಂದೇ ಈ ಪ್ರವಾಸ.

“ಚನ್ನೇಶ, ಆಕಿ ಕಾಲಿಗೆ ನಮಸ್ಕಾರ ಮಾಡು,” ಎಂದ ಅಜ್ಜಪ್ಪ.

“ಇಂಥವರ ಕಾಲಿಗೆ ನಮ್ಮ ಮನೆತನದವರು ಬೀಳೂದಿಲ್ಲ.”

ಅವನು ಎದ್ದು ಹೊರಟ. ಮಾದೇವಿ ತಡೆಯಲಿಲ್ಲ, ಬೈಯಲಿಲ್ಲ. ಕಂಬ ಹಿಡಿದುಕೊಂಡು ಅವನು ನಡೆದುಹೋಗುವುದನ್ನೇ ನೋಡಿದಳು.

ಮುರ್ಡೇಶ್ವರ ಯಾರಿಗೂ ಬೇಕಾಗಲಿಲ್ಲ. ಘಟ್ಟದ ಬುಡದಲ್ಲಿ ಹುಲಗೇಶ ಚಹಾ ಕುಡಿಯಲು ಇಳಿದ. ಅವನ ಬಾಗಿಲು ಮುಚ್ಚಿದ ಕೂಡಲೇ ಚನ್ನೇಶ ಬಾಯಿಬಿಟ್ಟ.

“ನಾಚಿಕಿ ಬರ್ಬೇಕು ಅಪ್ಪ ನಿನಗ. ಮೀನ ಮಾರೂ ಹೆಂಗಸಿನ ಕೂಡ ಸಂಸಾರ ಮಾಡಿ, ಅದನ್ನ ತೋರಿಸಾಕ ನನ್ನ ಕರ್ಕೊಂಡು ಬಂದಿ. ಅವ್ವ, ನೀನೂ ಸವತಿಗೆ ಸೀರಿ ಕೊಟ್ಟು ಕುಂಕುಮ ಹಚ್ಚಿ ಬಂದಿ. ಎಂಥಾ ಹೆಣ್ಮಗಳು ನೀ?”

ಅಜ್ಜಪ್ಪ ಏನೋ ಹೇಳಲು ಹೊರಳಿದ. ಸರೋಜವ್ವ ಅವನ ಹೆಗಲ ಮೇಲೆ ಕೈಯಿಟ್ಟು ಸುಮ್ಮನಿರಿಸಿದಳು.

“ಒಂದು ಮಾತು ಹೇಳ್ತೇನಿ, ಇಬ್ರೂ ಕೇಳ್ರಿ,” ಎಂದ ಚನ್ನೇಶ. “ಆಕಿ ಮಗ ಎಲ್ಲೇ ಇರ್ಲಿ, ಯಾರ ಸಾಕಿರ್ಲಿ. ಆ ಮೀನಗಾರರ ಕೂಸು ನಮ್ಮ ಮನಿ ಹೊಸ್ತಿಲ ದಾಟಬಾರ್ದು.”

“ದಾಟಿ ಭಾಳ ವರ್ಷ ಆತಪ,” ಎಂದಳು ಸರೋಜವ್ವ. “ಸೆರಗಿನ್ಯಾಗ ಸುತ್ತಿಗೊಂಡು ನಾನ ಎತ್ತಿ ತಂದೆ. ಚನ್ನೇಶ ಅಂತ ಹೆಸರಿಟ್ಟಾಕೀನೂ ನಾನ.”