ಹಿತ್ತಲಿಗೊಂದು ಸಿಂಕ್

೨೦೨೪ರ ಮೇ ೫, ಭಾನುವಾರ, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ಅಂಗಡಿಯ ಹಿಂದಿನ ಬಯಲಿನಲ್ಲಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಸಾಲಾಗಿ ಕೂರಿಸಿದ ಸಿಂಕುಗಳ ನಡುವೆ ನಿಂತು ಬಾಯ್ಲರ್ ಮೆಕ್ಯಾನಿಕ್ಕೂ ಅವನ ಹೆಂಡತಿಯೂ ಜಗಳವಾಡುತ್ತಿದ್ದರು. ಹಿತ್ತಲಲ್ಲಿ ಕಟ್ಟಿಸುತ್ತಿರುವ ಅಡುಗೆಮನೆಗೆ ಸ್ಟೀಲಿನದು ಸಾಕೆಂದು ಅವನ ವಾದ. ಅವಳಿಗೆ ಕಪ್ಪು ಕಲ್ಲಿನದೇ ಬೇಕು.

"ಸಿಂಕ್ ನನಗೆ ಕಣ್ರೀ, ನಿಮಗಲ್ಲ. ನೀವು ಅದರ ಹತ್ರ ಬರೋದು ಕೈ ತೊಳೆಯೋಕೆ ಮಾತ್ರ."

"ಅದಕ್ಕೂ ಬೈತೀಯಲ್ಲ, ನೀರು ಚೆಲ್ಲಿದೆ ಅಂತ."

"ಮಗಳಿಗೆ ಗಂಡು ನೋಡೋರೂ ಇಷ್ಟು ಯೋಚನೆ ಮಾಡಲ್ಲ ಸರ್," ಎಂದ ಅಂಗಡಿಯವನು. ಹೊರಗಿಡುವ ಸಿಂಕನ್ನು ಹೊರಗೇ ನೋಡಬೇಕೆಂಬುದು ಅವನ ಪದ್ಧತಿ. ಅದಕ್ಕಾಗಿಯೇ ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ್ನೆಲ್ಲ ಬಿಸಿಲಿಗೆ ಬಿಟ್ಟಿರುತ್ತಿದ್ದ. "ಒಳಗೆ, ಫ್ಯಾನಿನ ಕೆಳಗೆ, ಎಲ್ಲಾ ಸಿಂಕೂ ಚೆನ್ನಾಗೇ ಕಾಣ್ತವೆ. ಇರಿ, ಇದರ ಜಾಲರಿ ತಂದು ತೋರಿಸ್ತೀನಿ," ಎಂದು ಒಳಗೆ ಹೋದ.

ಅವಳು ಆಫೀಸುಗಳಿಗೆ ಊಟದ ಡಬ್ಬಿ ಕಳಿಸುತ್ತಿದ್ದಳು. ಅವಳ ದೊಡ್ಡ ಪಾತ್ರೆಗಳು ಮನೆಯೊಳಗಿನ ಸಿಂಕಿನಲ್ಲಿ ಅರ್ಧವೂ ಹಿಡಿಯುತ್ತಿರಲಿಲ್ಲ. ಆಳ ಎಷ್ಟಿದೆ, ಬಗ್ಗಿದರೆ ಸೊಂಟ ಹಿಡಿಯುತ್ತದೆಯೇ ಎಂದು ನೋಡಲು ಅವಳು ಕಪ್ಪು ಸಿಂಕಿನ ಅಂಚಿಗೆ ಎರಡೂ ಅಂಗೈ ಊರಿ ಒಳಕ್ಕೆ ಬಾಗಿದಳು. ಮೆಕ್ಯಾನಿಕ್ ನೀರು ಹೋಗುವ ತೂತು ನೋಡಲು ಅದರ ಕೆಳಗೆ ಕುಕ್ಕರಗಾಲಲ್ಲಿ ಕುಳಿತ.

"ರೀ, ದೊಡ್ಡ ಕೊಳದಪ್ಪಲೆ ಇದರೊಳಗೆ ಮಲಗಿಸಬಹುದು. ಎತ್ತರವೂ ಸರಿ ಇದೆ. ನಾಳೆ ಗಾರೆಯವನು ಕಟ್ಟೆ ಹಾಕೋಕೆ ಬರ್ತಾನೆ, ಇವತ್ತೇ ಹೇಳಿಬಿಡೋಣ. ಒಲೆ ಈ ಕಡೆ, ಪಾತ್ರೆ ಕವುಚೋಕೆ ಆ ಕಡೆ. ಕೇಳಿಸ್ತಾ?"

"ಕೇಳಿಸ್ತು ಮಾರಾಯ್ತಿ." ಅವನು ಮೇಲೇಳಲು ಸಿಂಕಿನ ಅಂಚನ್ನು ಹಿಡಿದುಕೊಂಡ. ಹಿಡಿದ ಮರುಕ್ಷಣವೇ ಕೂಗಿ, ಕೈ ಕಿತ್ತುಕೊಂಡು, ಹಿಂದಕ್ಕೆ ಕುಕ್ಕರಿಸಿ ಬಿದ್ದ.

"ಏನ್ರೀ ಅದು, ಚೇಳು ಕಡಿದ ಹಾಗೆ!" ಅವಳು ನಗುತ್ತಿದ್ದಳು. ಅವಳ ಎರಡೂ ಅಂಗೈ ಇನ್ನೂ ಅದೇ ಅಂಚಿನ ಮೇಲಿದ್ದವು.

ಅಂಗಡಿಯವನು ಬಾಗಿಲಲ್ಲೇ ಜಾಲರಿ ಕೈಬಿಟ್ಟ. "ಅಕ್ಕಾ, ಕೈ ತೆಗೀರಿ! ಕೈ!"

"ತೆಗೀತೀನಪ್ಪ. ನಾನು ಮುಟ್ಟಿದ್ರೆ ಸವೆದು ಹೋಗುತ್ತಾ ನಿನ್ನ ಸಿಂಕು?"

ತೆಗೆದಳು. ಎರಡೂ ಅಂಗೈಗಳ ಮೇಲೆ ಅಡ್ಡಡ್ಡಕ್ಕೆ ಕೆಂಪು ಪಟ್ಟಿ, ಬೆರಳುಗಳ ಬುಡದಲ್ಲಿ ಚರ್ಮ ಬೆಳ್ಳಗಾಗಿ ಉಬ್ಬುತ್ತಿತ್ತು. ಅವಳು ಅವನ್ನು ಬೇರೆ ಯಾರದೋ ಕೈಗಳೆಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು. ನಗು ಮುಖದಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ.

"ನಂದು ಪಳಗಿದ ಕೈ ಅಲ್ವಾ," ಎಂದಳು. ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಈಗ ಐದಾರು ತಿಂಗಳಿಂದ ಅವಳು ಬಟ್ಟೆ ಹಿಡಿಯದೆ ಒಲೆಯ ಮೇಲಿನ ಪಾತ್ರೆ ಇಳಿಸುತ್ತಿದ್ದಳು. ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. 'ನಮಗೆ ದಪ್ಪ ಗ್ಲೌಸು ಬೇಕು, ನನ್ನ ಹೆಂಡತಿಗೆ ಏನೂ ಬೇಡ' ಎಂದು ಅವನು ಬಾಯ್ಲರ್ ಕೋಣೆಯಲ್ಲಿ ಜಂಬ ಕೊಚ್ಚಿಕೊಂಡಿದ್ದ. ಈಚೆಗೆ ಅವಳು ಸರದ ಕೊಂಡಿ ಹಾಕಿಕೊಡಿ ಎಂದು ದಿನಾ ಅವನ ಮುಂದೆ ಕುತ್ತಿಗೆ ಬಗ್ಗಿಸುತ್ತಿದ್ದಳು. ಅದನ್ನವನು ಪ್ರೀತಿ ಎಂದುಕೊಂಡಿದ್ದ.

ಅಂಗಡಿಯವನು ಒಳಗಿನಿಂದ ಬಕೆಟ್ ನೀರು ತಂದಿಟ್ಟ. ಮೆಕ್ಯಾನಿಕ್ ಅವಳ ಮಣಿಕಟ್ಟು ಹಿಡಿದು ಎರಡೂ ಕೈ ಮುಳುಗಿಸಿದ.

"ತಣ್ಣಗಾಯ್ತಾ?"

ಅವಳು ನೀರಿನೊಳಗೆ ಬೆರಳುಗಳನ್ನು ಮಡಿಸಿದಳು, ಬಿಡಿಸಿದಳು.

"ಲೇ, ತಣ್ಣಗಿದೆಯೇನೇ ನೀರು?"

"ಕೈ ನೀರಲ್ಲಿರೋದು ಕಣ್ಣಿಗೆ ಕಾಣ್ತಿದೆ ಕಣ್ರೀ," ಎಂದಳು, ದನಿ ತಗ್ಗಿಸಿ. "ಕಣ್ಣು ಮುಚ್ಚಿದ್ರೆ ಗೊತ್ತಾಗ್ತಿಲ್ಲ."

ಅಂಗಡಿಯವನು ಮುಖ ತಿರುಗಿಸಿಕೊಂಡು, "ಈಗಲೇ ಆಸ್ಪತ್ರೆಗೆ ಹೊರಡಿ ಸರ್, ಸಿಂಕ್ ಎಲ್ಲಿಗೂ ಓಡಿಹೋಗಲ್ಲ," ಎಂದ. ಮೆಕ್ಯಾನಿಕ್ ಎದ್ದು ಕಾರಿನ ಕಡೆಗೆ ಓಡಿದ. ಬಾಗಿಲು ತೆಗೆದು ಇಂಜಿನ್ ಶುರುಮಾಡುವ ಬದಲು ಹಿಂದಿನ ಡಿಕ್ಕಿ ತೆರೆದು, ಕೆಲಸದ ಚೀಲದಿಂದ ದೂರದಿಂದಲೇ ಶಾಖ ಅಳೆಯುವ ಉಪಕರಣ ಹಿಡಿದು ವಾಪಸು ಬಂದ. ಅವನು ಮುಟ್ಟಿದ್ದು ಬಿಸಿಲು ನೇರ ಬೀಳುವ ಮೂಲೆಯನ್ನು. ಅವಳು ಬಾಗಿ ನಿಂತಿದ್ದ ಕಡೆ ಅವಳದೇ ನೆರಳಿತ್ತು. ಅಲ್ಲಿ ಅಷ್ಟು ಕಾದಿರಲಾರದು. ಬೊಬ್ಬೆಗಳನ್ನು ಕಣ್ಣಾರೆ ಕಂಡಿದ್ದರೂ ಅವನಿಗೆ ಆ ಒಂದು ಅನುಮಾನ ಬೇಕಾಗಿತ್ತು.

ಹೊಳೆಯುವ ಸ್ಟೀಲಿನ ಮೇಲೆ ಆ ಉಪಕರಣ ಎಷ್ಟೋ ಸಲ ತಪ್ಪು ತೋರಿಸುತ್ತದೆ. ಮಂಕು ಕಪ್ಪು ಕಲ್ಲಿನ ಮೇಲೆ ಹಾಗಾಗುವುದಿಲ್ಲ. ಅವಳ ಅಂಗೈಗಳಿದ್ದ ಜಾಗಕ್ಕೇ ಗುರಿಯಿಟ್ಟು ಗುಂಡಿ ಒತ್ತಿದ.

"ಎಷ್ಟಿದೆ ರೀ?" ಬಕೆಟ್ಟಿನ ಪಕ್ಕದಿಂದ ಅವಳು ಕೇಳಿದಳು.

ಅರವತ್ತನಾಲ್ಕು ಡಿಗ್ರಿ ಸೆಲ್ಸಿಯಸ್.