ಹಾಕದೆ ಬಿಟ್ಟ ಪಿನ್

"ಬ್ರೇಕೇ ಹಿಡಿದಿಲ್ಲ ಸರ್! ಅಪ್ಪ ನಿದ್ದೆ ಮಾಡಿರಲೇ ಇಲ್ಲ!"

ರೈಲ್‌ಕಾರಿನ ಅಡಿಯಿಂದ ತೆವಳಿಕೊಂಡು ಬಂದ ಫಿಟ್ಟರ್ ಅಂಗೈ ಚಾಚಿದ. ಅದರಲ್ಲೊಂದು ಬ್ರೇಕಿನ ಬೋಲ್ಟು. ರೈಲ್ವೆ ವಸ್ತುಸಂಗ್ರಹಾಲಯದ ಅಧಿಕಾರಿ ಬಗ್ಗಿ ನೋಡಿದರು.

ಒಂದೇ ಡಬ್ಬಿಯ ಹಳೆಯ ಬಂಡಿ ಅದು. ಇಳಿಜಾರಿನಲ್ಲಿ ನಿಲ್ಲದೆ ಓಡಿ, ನಿಲ್ದಾಣದ ಕೊನೆಯ ಗೋಡೆಗೆ ಗುದ್ದಿದ ಮೇಲೆ ಮತ್ತೆ ಹಳಿ ಕಂಡಿರಲಿಲ್ಲ. ಸತ್ತವರಲ್ಲಿ ಫಿಟ್ಟರ್‌ನ ತಾಯಿಯೂ ಒಬ್ಬಳು. ಓಡಿಸುತ್ತಿದ್ದವನು ಅವನ ತಂದೆ. "ಕಣ್ಣು ಹತ್ತಿಬಿಟ್ಟಿತು, ತಪ್ಪು ನನ್ನದೇ" ಎಂದು ಆಸ್ಪತ್ರೆಯಲ್ಲೇ ಒಪ್ಪಿಕೊಂಡ. ಆಮೇಲೆ ಬಂಡಿಯ ಅಡಿಗೆ ಯಾರೂ ಇಣುಕಲಿಲ್ಲ. ತಂದೆ ಜೈಲು ಸೇರಿದ.

ಬಿಡುಗಡೆಯಾಗಿ ಬಂದವನಿಗೆ ಮಗ ಹಿಂದಿನ ಕೋಣೆ ಕೊಟ್ಟ, ಮಾತು ಬಿಟ್ಟ. "ಅಮ್ಮನನ್ನು ನುಂಗಿದವನು" ಎಂದು ಅವನಿಗೆ ಕೇಳುವಂತೆಯೇ ಅನ್ನುತ್ತಿದ್ದ. ಮಗಳು ತಾತನ ಹತ್ತಿರ ಸುಳಿದರೆ ಗದರುತ್ತಿದ್ದ. ಮುದುಕ ತಲೆ ಎತ್ತುತ್ತಿರಲಿಲ್ಲ.

ಅವನನ್ನು ನೋಡಿಕೊಂಡವಳು ಸೊಸೆ ಒಬ್ಬಳೇ. ಬಿಸಿ ಊಟ ಒಯ್ಯುವಳು, ಕಾಲು ಒತ್ತುವಳು. "ಅವನಿಗ್ಯಾಕೆ ಇಷ್ಟು ಸೇವೆ?" ಎಂದು ಗಂಡ ಸಿಡುಕಿದರೆ, "ಯಾರಾದ್ರೂ ಮಾಡ್ಬೇಕಲ್ಲ ರೀ" ಅನ್ನುವಳು. ಅವಳೂ ಒಂದು ಕಾಲಕ್ಕೆ ರೈಲ್ವೆ ಷೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದವಳೇ. ಅಪಘಾತದ ನಂತರ ಕೆಲಸ ಬಿಟ್ಟಳು. ಹೊಟ್ಟೆಯಲ್ಲಿ ಮಗು, ಮನೆಯಲ್ಲಿ ಸಾವು; ಕಾರಣ ಯಾರೂ ಕೇಳಲಿಲ್ಲ. ಈ ಬಂಡಿಗೆ ಮರುಜೀವ ಕೊಡುವ ಕೆಲಸ ಗಂಡನಿಗೆ ಸಿಕ್ಕಾಗ ಮಾತ್ರ ಅತ್ತಿದ್ದಳು. "ಅದನ್ನ ಮುಟ್ಟಬೇಡಿ. ನಮಗೆ ಬೇಡ ಅದು."

ಫಿಟ್ಟರ್ ಬೋಲ್ಟನ್ನು ಬೆಳಕಿಗೆ ಹಿಡಿದ. "ಇದು ಮುರಿದಿಲ್ಲ ಸರ್, ಬಾಗಿಯೂ ಇಲ್ಲ. ಸುಮ್ಮನೆ ಜಾರಿ ಕೆಳಗಿನ ತಗಡಿನ ಮೇಲೆ ಬಿದ್ದಿದೆ. ಜಾರದ ಹಾಗೆ ಇಲ್ಲೊಂದು ಪಿನ್ ಹಾಕ್ಬೇಕು. ತೂತು ನೋಡಿ, ಹಳೇ ಗ್ರೀಸ್ ತುಂಬಿಕೊಂಡಿದೆ. ಪಿನ್ ಹಾಕೇ ಇಲ್ಲ."

"ಅಂದ್ರೆ ಯಾರೋ ಮರೆತಿದ್ದಾರೆ." ಅಧಿಕಾರಿ ಫೋನ್ ಕೈಗೆತ್ತಿಕೊಂಡರು. "ಪೊಲೀಸರಿಗೆ ಹೇಳಲಾ? ಯೋಚನೆ ಮಾಡಿ ಹೇಳಿ."

"ಯೋಚನೆ ಏನು ಸರ್? ಯಾರೇ ಆಗಿರಲಿ, ಬಿಡಬೇಡಿ. ನಮ್ಮಪ್ಪ ಕೊಳೆತ ಹಾಗೇ ಅವರೂ ಕೊಳೀಲಿ."

ಅಧಿಕಾರಿ ಅಲ್ಲೇ ಫೋನ್ ಮಾಡಿದರು.

ಫಿಟ್ಟರ್ ಕೈ ಕೂಡ ತೊಳೆಯದೆ ಮನೆಗೆ ಓಡಿದ. ಹಿಂದಿನ ಕೋಣೆಯಲ್ಲಿ ಹೆಂಡತಿ ಮುದುಕನಿಗೆ ಊಟ ಬಡಿಸುತ್ತಿದ್ದಳು. ಅವನು ನೇರ ಹೋಗಿ ತಂದೆಯ ಕಾಲು ಹಿಡಿದ.

"ಅಪ್ಪಾ!" ಎಷ್ಟೋ ವರ್ಷಗಳ ಮೇಲೆ ಬಾಯಿಗೆ ಬಂದ ಮಾತು. "ಬ್ರೇಕಿನ ಬೋಲ್ಟ್ ಸಿಕ್ತು. ನೀನು ನಿದ್ದೆ ಮಾಡಿರ್ಲಿಲ್ಲ. ಯಾಕಪ್ಪಾ ಸುಳ್ಳು ಹೇಳ್ದೆ? ನಾನು ನಿನ್ನನ್ನ ನಾಯಿಗಿಂತ ಕಡೆಯಾಗಿ ನೋಡಿದೆನಲ್ಲ!"

ಮುದುಕನ ಕೈಯ ತುತ್ತು ತಟ್ಟೆಗೆ ಬಿತ್ತು.

"ಯಾರಿಗಾದ್ರೂ ತೋರಿಸಿದ್ಯಾ?"

"ಪೊಲೀಸರಿಗೇ ಹೇಳಿಯಾಯ್ತು. ಪಿನ್ ಹಾಕದವರನ್ನ ಇವತ್ತೇ ಹುಡುಕ್ತಾರೆ."

ಮುದುಕ ಮಗನನ್ನು ಬಿಟ್ಟು ಸೊಸೆಯ ಕಡೆ ತಿರುಗಿದ.

"ಹೊರಡು ಮಗಳೇ," ಎಂದ. "ಆ ಬ್ರೇಕ್ ಜೋಡಿಸಿದ್ದು ನೀನು ಅಂತ ಇನ್ನು ನನ್ನಿಂದ ಮುಚ್ಚಿಡೋಕಾಗಲ್ಲ."