ಅಮರೇಗೌಡನ ನೀಲಿ ಬೆರಳುಗಳು

ಮನುಷ್ಯರ ಕಣ್ಣಿಗೆ ಬಿಸಿ ಕೆಂಪಾಗಿ, ತಂಪು ನೀಲಿಯಾಗಿ ಕಾಣತೊಡಗಿ ಮೂರು ತಲೆಮಾರು ಕಳೆದಿದ್ದರೂ ಮಿಲ್ ಮ್ಯಾನೇಜರುಗಳಿಗೆ ಬುದ್ಧಿ ಬಂದಿರಲಿಲ್ಲ. ರಾಯಚೂರಿನ ಆ ಹತ್ತಿ ಮಿಲ್ಲಿನ ಕರೆಂಟ್ ಪ್ಯಾನೆಲ್ ಹೋದ ತಿಂಗಳು ವಿಪರೀತ ಕಾದು ಸಿಡಿದು ಆಳೊಬ್ಬನ ಮುಖ ಸುಟ್ಟಿತ್ತು. ಈಗ ತಪಾಸಣೆಗೆ ಬಂದ ಹಂಪಮ್ಮನೆದುರು ಮ್ಯಾನೇಜರ್ ಅಮರೇಗೌಡ ಅದರ ಬಾಗಿಲು ತೆರೆದು ಹಲ್ಲು ಕಿರಿದ.

“ನೋಡ್ರಿ ಮೇಡಂ, ಹೆಂಗ ತಣ್ಣಗೈತಿ!”

ಏಪ್ರಿಲ್ ಬಿಸಿಲಿಗೆ ಗೋಡೆಗಳೇ ಕೆಂಪಗಿದ್ದವು. ನೀಲಿಯಾಗಿದ್ದದ್ದು ಪ್ಯಾನೆಲ್ ಮತ್ತು ಅಮರೇಗೌಡನ ಬೆರಳುಗಳು ಮಾತ್ರ.

“ಮಿಲ್ ಬಂದ್ ಮಾಡಿ ಇದರಾಗ ಐಸ್ ಇಟ್ಟಿದ್ರೇನ್ರಿ ಗೌಡ್ರ?”

ಅವನು ಕೈಗಳನ್ನು ಜೇಬಿಗೆ ತುರುಕಿದ. ಜೇಬೂ ನೀಲಿಯಾಯಿತು.

ಹಂಪಮ್ಮನಿಗೆ ಬೈಯಲೂ ಬೇಸರವಾಯಿತು. “ಆಳುಗಳೆಲ್ಲಾ ಹೊರಗ ಬರ್ಲಿ. ಮಿಲ್ ಚಾಲೂ ಮಾಡಿ ನೀವೊಬ್ರ ಇದರ ಮುಂದ ನಿಂದರ್ರಿ. ನಾ ಗೇಟಿನ್ಯಾಗಿಂದ ನೋಡ್ತೀನಿ.”

ಅಮರೇಗೌಡನ ಮುಖವೂ ನೀಲಿಯಾಯಿತು. ಈ ಸಲ ಐಸ್ ಬೇಕಾಗಲಿಲ್ಲ.